ಹದಿಮೂರಕ್ಕೆ ಬಿಟ್ಟುಹೋದವರು

ಸೀಟಿ ಮೇಷ್ಟ್ರಿಗೆ ಕಾಗದಪತ್ರವೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೂವತ್ತು ವರ್ಷದಿಂದ ಬಾಲಯುವ ಸಂಘದಲ್ಲಿ ದೊಡ್ಡ ಮಕ್ಕಳ ದಳ ನಡೆಸಿದ ಮನುಷ್ಯ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸುವುದು ಗೊತ್ತು, ಪಟ್ಟಿಯಲ್ಲಿ ಎಣಿಸುವ ಉಸಾಬರಿ ಯಾರಿಗೆ ಬೇಕು? ಆದರೆ ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ದಳದಲ್ಲಿ ಉಳಿದಿದ್ದವರು ಒಂಬತ್ತೇ ಮಂದಿ. ಕಾರಣ ತಿಳಿಯದಿದ್ದರೆ ದಳವನ್ನೇ ಮುಚ್ಚುತ್ತೇವೆಂದು ಕೇಂದ್ರ ಕಚೇರಿ ಖಡಾಖಂಡಿತವಾಗಿ ಹೇಳಿತ್ತು. ಅಲ್ಲಿಂದ ಬಂದ ಲೆಕ್ಕದ ಹುಡುಗಿ ಸಂಘದ ಕೋಣೆಯ ಉದ್ದ ಮೇಜಿನ ತುಂಬ ಹತ್ತು ವರ್ಷದ ಸದಸ್ಯರ ಪಟ್ಟಿ ಹರಡಿಕೊಂಡು ಕೂತಿದ್ದಳು.

"ಕಾರಣ ನಾನ್ ಹೇಳ್ತೀನಿ, ಬರ್ಕೊಳಮ್ಮ," ಎಂದರು ಮೇಷ್ಟ್ರು. "ಮೊಬೈಲು, ಟ್ಯೂಷನ್ನು, ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಳ್ಳೋ ಅಪ್ಪ ಅಮ್ಮ. ಮುಗೀತು."

"ಅದೆಲ್ಲಾ ಬೇರೆ ಶಾಖೆಗಳಲ್ಲೂ ಇದೆ ಸರ್. ಅಲ್ಲಿ ಹದಿನೈದರವರೆಗೂ ಇದ್ದು, ಪರೀಕ್ಷೆ ಬಂತು ಅಂತ ಬಿಡ್ತಾರೆ. ನಿಮ್ಮಲ್ಲಿ ನೋಡಿ." ಅವಳ ಪೆನ್ಸಿಲ್ಲು ಪಟ್ಟಿಯ ಮೇಲೆ ಸರಿಯಿತು. "ಹನ್ನೊಂದರವರು ಇಪ್ಪತ್ತಾರು. ಹನ್ನೆರಡರವರು ಇಪ್ಪತ್ತೈದು. ಹದಿಮೂರರವರು ನಾಲ್ಕು. ಪ್ರತಿ ವರ್ಷ ಇದೇ ಕಥೆ. ಹದಿಮೂರಕ್ಕೆ ಪುಟಾಣಿ ದಳದ ಅಕ್ಕನ ಕೈಯಿಂದ ನಿಮ್ಮ ಕೈಗೆ ಬರ್ತಾರೆ, ಮೊದಲ ಭಾನುವಾರ ಇರ್ತಾರೆ, ಎರಡನೇ ಭಾನುವಾರ ಇರಲ್ಲ. ಆ ಮೊದಲ ಭಾನುವಾರ ಇಲ್ಲಿ ಏನ್ ನಡಿಯುತ್ತೆ?"

ಮೇಷ್ಟ್ರ ಮುಖ ಅರಳಿತು. ಅದು ಅವರ ಹೆಮ್ಮೆಯ ಪದ್ಧತಿ. ಹೊಸದಾಗಿ ಬಂದ ಮಗುವಿನ ಮನೆಯವರಿಂದ ಮೊದಲೇ ಎಲ್ಲ ಕೇಳಿ ತಿಳಿದುಕೊಂಡು, ಅದರ ತಪ್ಪುಗಳನ್ನು ಚೀಟಿಯಲ್ಲಿ ಬರೆದು ಇಡೀ ದಳದ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಒಂದೇ ಸಲ ಎಲ್ಲ ಹೊರಗೆ ಬಿದ್ದರೆ ಮಗು ಹಗುರಾಗುತ್ತದೆ, ಧೈರ್ಯ ಬರುತ್ತದೆ ಎಂದು ಅವರ ನಂಬಿಕೆ. "ಸ್ವಂತ ಮಗಳಿಗೂ ರಿಯಾಯಿತಿ ಕೊಡ್ಲಿಲ್ಲಮ್ಮ ನಾನು. ಎಲ್ಲಾ ಬಿದ್ದೂ ಬಿದ್ದೂ ನಗೋರು."

"ಓದಿಸ್ಕೊಂಡ ಮಗೂನೂ ನಗ್ತಿತ್ತಾ?"

ಮೇಷ್ಟ್ರು ನೆನಪಿಸಿಕೊಳ್ಳಲು ನೋಡಿದರು. ಯಾವ ಮುಖವೂ ನೆನಪಿಗೆ ಬರಲಿಲ್ಲ. ಓದುವಾಗ ಅವರ ಕಣ್ಣು ಯಾವಾಗಲೂ ಚೀಟಿಯ ಮೇಲಿರುತ್ತಿತ್ತು.

"ಆರು ವರ್ಷದ ಹಿಂದೆ ಮಾತ್ರ ಹತ್ತೊಂಬತ್ತು ಮಕ್ಕಳಲ್ಲಿ ಹದಿನೆಂಟು ಉಳ್ಕೊಂಡಿದಾರೆ," ಎಂದಳು ಹುಡುಗಿ. "ಆ ವರ್ಷ ಏನ್ ವಿಶೇಷ?"

ಆ ವರ್ಷ ಮಕ್ಕಳು ದಳ ಬದಲಿಸುವ ಹೊತ್ತಿಗೇ ಮೇಷ್ಟ್ರು ಕಾಲು ಮುರಿದುಕೊಂಡು ಮೂರು ತಿಂಗಳು ಹಾಸಿಗೆಯಲ್ಲಿದ್ದರು. ಎರಡೂ ದಳವನ್ನು ಪುಟಾಣಿ ದಳದ ಅಕ್ಕನೇ ನೋಡಿಕೊಂಡಿದ್ದಳು. ಅಯ್ಯೋ, ಏನಂತ ಹೇಳುವುದು? ನಾನಿಲ್ಲದ ವರ್ಷ ಮಕ್ಕಳು ಉಳಿದರು ಎಂದೇ?

ಹುಡುಗಿ ಕೊನೆಯ ಹಾಳೆ ಎತ್ತಿದಳು. "ಇನ್ನೊಂದು ವಿಚಿತ್ರ ನೋಡಿ. ಈ ಹುಡುಗಿಗೆ ಮುಂದಿನ ವಾರ ಹದಿಮೂರು ತುಂಬುತ್ತೆ. ಏಳು ವರ್ಷ ಒಂದು ಭಾನುವಾರಾನೂ ತಪ್ಪಿಸಿಲ್ಲ. ನಿನ್ನೆ ತಾಯಿ ಬಂದು ಬಿಡಿಸಿ ಹೋಗಿದಾರೆ. ಕಾರಣ ಬರ್ದಿಲ್ಲ."

ಕೆಳಗಿದ್ದ ಸಹಿ ಮೇಷ್ಟ್ರ ಮಗಳದ್ದು. ಬಿಟ್ಟದ್ದು ಅವರ ಮೊಮ್ಮಗಳು. ಮೇಷ್ಟ್ರು ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಎದ್ದು ನಡೆದರು.

ಮಗಳ ಮನೆ ಎರಡು ಬೀದಿ ಆಚೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಅಪ್ಪನ ಮುಖ ನೋಡಿದ ಕೂಡಲೇ ವಿಷಯ ಅರ್ಥವಾಯಿತು.

"ಮಗೂನ ಯಾಕಮ್ಮ ಬಿಡಿಸ್ದೆ?"

"ನಿಮ್ಮ ದಳಕ್ಕೆ ಬರೋ ವಯಸ್ಸಾಯ್ತಲ್ಲಪ್ಪ."

"ಅವಳದ್ದು ಓದಲ್ಲ. ಯಾರದ್ದೂ ಓದಲ್ಲ, ಆಣೆ. ಕಳಿಸು."

ಮಗಳು ದಾರ ಕತ್ತರಿಸಿದಳು. "ನನ್ನ ಚೀಟೀಲಿ ಏನ್ ಬರ್ದಿದ್ರಿ, ನೆನಪಿದ್ಯಾ?"

ನೆನಪಿತ್ತು. ಹದಿಮೂರಾದರೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ ಎಂದು ಓದಿದ್ದರು. ಮೈದಾನವೆಲ್ಲ ನಕ್ಕಿತ್ತು. ಮರುವಾರದಿಂದ ಅವಳು ಸಂಘಕ್ಕೆ ಬರಲಿಲ್ಲ. ಓದು ಜಾಸ್ತಿಯಾಯಿತೇನೋ ಎಂದು ಇಷ್ಟು ವರ್ಷ ಅಂದುಕೊಂಡಿದ್ದರಲ್ಲ, ಎಂಥ ಕುರುಡ!

"ಅದನ್ನ ನಿಮಗೊಬ್ಬರಿಗೇ ಹೇಳಿದ್ದೆ ಅಪ್ಪ. ಅಮ್ಮ ಬೈತಾಳೆ ಅಂತ ಅವಳಿಗೂ ಹೇಳಿರ್ಲಿಲ್ಲ. ಬೆಳಿಗ್ಗೆ ಎದ್ದು ನೀವೇ ಗುಟ್ಟಾಗಿ ಹಾಸಿಗೆ ಬಟ್ಟೆ ಒಗೆದು ಹಾಕ್ತಿದ್ರಿ." ಅವಳು ಮತ್ತೆ ಸೂಜಿಗೆ ದಾರ ಪೋಣಿಸಿದಳು. "ಅಷ್ಟು ಒಳ್ಳೆಯೋರು ನೀವು. ಆಮೇಲೆ ನಾನು ನಿಮಗೆ ಏನೂ ಹೇಳ್ಲಿಲ್ಲ. ಗಂಡನ ಮನೇಲಿ ಅಷ್ಟು ಅನುಭವಿಸಿದೆನಲ್ಲ, ಅದನ್ನೂ ಹೇಳ್ಲಿಲ್ಲ."

ಮೇಷ್ಟ್ರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದರು.

"ಇವ್ಳಿಗೆ ತಾತ ಅಂದ್ರೆ ಪ್ರಾಣ," ಎಂದಳು ಮಗಳು, ಕಣ್ಣು ಒರೆಸಿಕೊಳ್ಳುತ್ತ. "ಎಲ್ಲಾ ನಿಮ್ಮ ಹತ್ರಾನೇ ಹೇಳ್ತಾಳೆ. ಹೇಳ್ತಾನೇ ಇರ್ಲಿ ಅಂತ ಬಿಡಿಸ್ದೆ. ನಿಮ್ಮ ಮೇಲಿನ ಕೋಪಕ್ಕಲ್ಲ."

ಶಾಲೆ ಬಿಟ್ಟ ಮೊಮ್ಮಗಳು ಅಷ್ಟರಲ್ಲಿ ಒಳಗೆ ನುಗ್ಗಿದಳು. ಚೀಲ ಎಸೆದವಳೇ ತಾತನ ಕೊರಳಿಗೆ ಜೋತುಬಿದ್ದು ಕಿವಿಗೆ ಬಾಯಿಟ್ಟಳು. "ತಾತಾ, ಒಂದು ಗುಟ್ಟು. ಯಾರಿಗೂ ಹೇಳ್ಬಾರ್ದು, ಆಯ್ತಾ?"

ಮಗಳ ಕೈ ಬಟ್ಟೆಯ ಮೇಲೆ ನಿಂತಿತು. ಮೇಷ್ಟ್ರು ತಲೆಯಾಡಿಸಲು ಹೋದರು, ಆಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಮೊಮ್ಮಗಳು ಗಾಬರಿಯಿಂದ ತಾಯಿಯ ಕಡೆ ತಿರುಗಿದಳು. "ಅಮ್ಮಾ, ನಾನಿನ್ನೂ ಏನೂ ಹೇಳೇ ಇಲ್ಲ!"