ಬಾಗಿಲಿರುವ ಬುಟ್ಟಿ

ಬಲೂನಿನ ಹೊಸ ಬುಟ್ಟಿ ನೈರೋಬಿಯಿಂದ ಲಾರಿಯಲ್ಲಿ ಬಂದ ದಿನ ನಾವು ಆರು ಜನ ಕೆಲಸಗಾರರು ಅದನ್ನು ಮುಟ್ಟದೆ ಸುತ್ತಲೂ ಎರಡು ಸಲ ತಿರುಗಿ ನೋಡಿದೆವು. ಹಳೆಯ ಬುಟ್ಟಿಗಳಿಗೆ ಬಾಗಿಲಿರಲಿಲ್ಲ. ಪಕ್ಕದ ತೂತುಗಳಿಗೆ ಬೂಟು ತೂರಿಸಿ, ಹತ್ತಿ, ಕಾಲು ದಾಟಿಸಿ ಪ್ರವಾಸಿಗಳು ಒಳಗಿಳಿಯಬೇಕಿತ್ತು. ಇದಕ್ಕೆ ಒಂದು ಬದಿಯಲ್ಲಿ ಬಾಗಿಲು. ಬಾಗಿಲಲ್ಲಿ ಗಾಜಿನಂತೆ ಆಚೆ ಕಾಣುವ ದಪ್ಪ ಹಾಳೆ. ಒಳಗೆ ನೆಲಕ್ಕೆ ಬಿಗಿದ ಒಂದು ಕುರ್ಚಿ, ಅದಕ್ಕೆ ಭುಜದ ಮೇಲಿಂದ ಬರುವ ಪಟ್ಟಿಗಳು. ಕಾಲಿಲ್ಲದವರು, ಮಂಡಿ ಸವೆದವರು, ಗಾಲಿಕುರ್ಚಿಯವರು ಕೂಡ ಹಾರಲಿ ಎಂದು ಮಾಡಿಸಿದ್ದು.

ನಮ್ಮ ಪೈಲಟ್ ಮುತಿಂಡ ಮಚಾಕೋಸ್ ಕಡೆಯವನು. ಹೆಚ್ಚು ಮಾತಾಡುವವನಲ್ಲ. ಚಹಾ ಕುಡಿಯುತ್ತ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ: "ಶನಿವಾರ ಸರ್ಕಾರದ ತನಿಖೆಯವರು ಬರ್ತಾರೆ. ಅಷ್ಟರೊಳಗೆ ಎರಡು ಸಲನಾದ್ರೂ ನಡೆಯಕ್ಕಾಗದವರನ್ನ ಕೂರಿಸಿ ಹಾರಿಸ್ಬೇಕು. ಮರಳುಮೂಟೆ ಕಟ್ಟಿ ಹಾರಿಸಿದ್ದು ಸಾಕಾಯ್ತು. ಪಟ್ಟಿ ಎಲ್ಲಿ ಒತ್ತುತ್ತೆ, ಇಳಿಯೋವಾಗ ಸೊಂಟಕ್ಕೇನಾಗುತ್ತೆ ಅಂತ ಮೂಟೆ ಹೇಳಲ್ಲ. ನಿಮ್ಮ ಕಡೆ ಯಾರಾದ್ರೂ ಇದಾರಾ?"

ಐದು ಜನವೂ ನನ್ನ ಕಡೆ ತಿರುಗಿದರು. ಕಿಮಿರೈ ನಮ್ಮ ಹಟ್ಟಿಯವಳು.

ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳನ್ನು ಒಣಗಿಸಿಬಿಟ್ಟಿತ್ತು. ಈಗ ನಲವತ್ತು ದಾಟಿದೆ. ಅಂಗೈಗೆ ಟೈರಿನ ತುಂಡು ಕಟ್ಟಿಕೊಂಡು ನೆಲದ ಮೇಲೆ ಸಾಗುತ್ತಾಳೆ. ಮಿಷನ್ನಿನವರು ಕೊಟ್ಟ ಗಾಲಿಕುರ್ಚಿಯೊಂದಿದೆ, ಆದರೆ ಮಳೆ ಬಿದ್ದರೆ ನಮ್ಮ ಕರಿಮಣ್ಣು ಗಾಲಿಯನ್ನು ನುಂಗುತ್ತದೆ. ಪ್ರವಾಸಿಗಳ ಬಿಡಾರದ ಗೇಟಿನ ಬಳಿ ಅಕೇಶಿಯಾ ಮರದ ನೆರಳಿನಲ್ಲಿ ಕೂತು ಮಣಿಸರ ಪೋಣಿಸಿ ಮಾರುತ್ತಾಳೆ.

ಆ ವಾರ ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಜಮೀನು. ಊರಿನ ಒಟ್ಟು ಹುಲ್ಲುಗಾವಲನ್ನು ಮೂರು ವರ್ಷದ ಹಿಂದೆ ಹಂಚಿದಾಗ, ಸಾಯುವ ಮುಂಚೆ ಅವರಪ್ಪ ಹಟ ಹಿಡಿದು ಮಗಳ ಹೆಸರನ್ನೂ ಬರೆಸಿದ್ದ. ಚೀಟಿ ಎತ್ತಿದ್ದು, ಕಾಗದ ಇಸಿದುಕೊಂಡದ್ದು, ಹೋಗಿ ನೋಡಿ ಬಂದದ್ದು ಎಲ್ಲ ಅಣ್ಣ ಮೈತಮೈ. ಕರಿನೀರಿನ ಹೊಳೆಯಾಚೆ ಬರೀ ಕಲ್ಲು, ಮುಳ್ಳು, ಆಡು ಸಹ ಮೇಯದ ಜಾಗ ಎಂದು ತಂಗಿಗೆ ಹೇಳಿದ್ದ. ಈಗ ಅದನ್ನು ತನ್ನ ಹೆಸರಿಗೆ ಮಾಡಿಕೊಟ್ಟರೆ ಬದಲಿಗೆ ರಸ್ತೆ ಪಕ್ಕ ತಗಡಿನ ಮನೆ ಹಾಕಿಸಿಕೊಡುತ್ತೇನೆ ಅನ್ನುತ್ತಿದ್ದ. ಶುಕ್ರವಾರ ನಮ್ಮ ಸೀಮೆಯ ಸರ್ಕಾರಿ ಮುಖಂಡ ಚೀಫನ ಕಚೇರಿಯಲ್ಲಿ ಅವಳು ಹೆಬ್ಬೆಟ್ಟು ಒತ್ತಬೇಕಿತ್ತು.

"ಕಲ್ಲು ತಗೊಂಡು ಮನೆ ಕೊಡೋ ಅಣ್ಣನ್ನ ನೀನು ಎಲ್ಲಾದರೂ ನೋಡಿದ್ದೀಯಾ?" ಎಂದು ಅವಳು ಎರಡು ಸಲ ನನ್ನನ್ನು ಕೇಳಿದ್ದಳು. ಎರಡು ಸಲವೂ ನಾನು ಮಳೆಯ ಮಾತೆತ್ತಿದ್ದೆ.

ಆ ಜಮೀನು ನನಗೆ ಗೊತ್ತು. ಅಳತೆಯವರ ಸರಪಳಿಯ ಒಂದು ತುದಿ ಹಿಡಿದು ನಡೆದವನು ನಾನು. ಮೂಲೆಮೂಲೆಗೆ ನಂಬರಿನ ಕಲ್ಲು ನೆಟ್ಟಾಗ ಗುದ್ದಲಿ ಹಿಡಿದವನೂ ನಾನೇ. ಆದರೆ ಮೈತಮೈ ನನ್ನ ಓರಗೆಯವನು. ನಮ್ಮಿಬ್ಬರ ತಲೆಯನ್ನು ಒಂದೇ ಬೆಳಿಗ್ಗೆ ಬೋಳಿಸಿದ್ದರು, ಒಂದೇ ಬೆಂಕಿಯ ಮಾಂಸ ತಿಂದು ನಾವು ಏಳು ವರ್ಷ ಮಸಾಯಿ ಯೋಧರಾಗಿ ಕಾಡಿನಲ್ಲಿದ್ದೆವು. ಓರಗೆಯವನ ತಪ್ಪನ್ನು ಓರಗೆಯವರ ನಡುವೆ ಹೇಳಬಹುದು, ಹೊಡೆಯಲೂಬಹುದು. ಹೆಂಗಸರ ಮುಂದೆ ಬಾಯಿ ಬಿಡುವ ಹಾಗಿಲ್ಲ. ಬಿಟ್ಟವನ ಕರುಗಳು ಹಟ್ಟಿಯಲ್ಲಿ ನಿಲ್ಲುವುದಿಲ್ಲ ಎಂದು ನಂಬಿಕೊಂಡು ಬೆಳೆದವರು ನಾವು. ನಂಬಿಕೆಯೋ ಹೆದರಿಕೆಯೋ, ನನ್ನ ಬಾಯಿ ಮುಚ್ಚಿತ್ತು.

ಬುಟ್ಟಿಯ ವಿಷಯ ಹೇಳಿದಾಗ ಕಿಮಿರೈ ಮಣಿ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ದುಡ್ಡು ಕೊಟ್ಟು ಹತ್ತೋ ಬಿಳಿಯರು ಸಾಲುಗಟ್ಟಿ ನಿಂತಿರ್ತಾರೆ. ನನ್ನನ್ನ ಪುಕ್ಕಟೆ ಹತ್ತಿಸ್ತೀರಿ. ಪುಕ್ಕಟೆ ಹಾಲು ಕೊಡೋನ ಹಸುಗೆ ಏನು ರೋಗ ಅಂತ ಮೊದಲು ನೋಡ್ಬೇಕು."

"ರೋಗ ಇಲ್ಲ. ಮರಳುಮೂಟೆ ಕೂರಿಸಿ ಹಾರಿಸಿದಾರೆ. ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ ಅಂತ ಮೂಟೆ ಬಂದು ಹೇಳ್ತಾ?"

"ಅದನ್ನ ಹೇಳಕ್ಕೇ ನೀನು ಬೇಕಂತೆ."

"ಅಂದ್ರೆ ಮೂಟೆಗಿಂತ ನಂಗೆ ಒಂದು ಬಾಯಿ ಜಾಸ್ತಿ, ಅಷ್ಟೇ." ಹಲ್ಲಿನಲ್ಲಿ ದಾರ ಕಡಿದಳು. "ಸತ್ರೆ ಕೇಳೋರಿಲ್ಲದೋಳನ್ನ ಹುಡುಕಿದ್ದೀರಿ. ಒಳ್ಳೇದು. ಗಾಳಿ ಯಾವ ಕಡೆಗೆ ತಗೊಂಡು ಹೋಗುತ್ತೆ?"

"ಯಾರು ಹೇಳ್ತಾರೆ. ಈ ತಿಂಗಳಲ್ಲಿ ಒಮ್ಮೊಮ್ಮೆ ಪಡುವಲಿಗೆ."

"ಕರಿನೀರಿನ ಹೊಳೆ ದಾಟುತ್ತಾ?"

ಇಲ್ಲ ಅಂದುಬಿಡಬಹುದಿತ್ತು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಅವಳ ಮುಂದಿದ್ದ ಡಬ್ಬಿಯ ನೀಲಿ ಮಣಿಗಳನ್ನು ನೋಡುತ್ತ, "ದಾಟಬಹುದು," ಅಂದೆ.

"ಹಂಗಾದ್ರೆ ಬರ್ತೀನಿ."

ಸುದ್ದಿ ಮೈತಮೈಯನ್ನು ಮುಟ್ಟಲು ಅರ್ಧ ದಿನ ಸಾಕಾಯಿತು. ಸಂಜೆಗೆ ಅವನು ಬಲೂನಿನ ಅಂಗಳಕ್ಕೆ ಬಂದ. ಬುಟ್ಟಿಯ ಬಾಗಿಲನ್ನು ಕೋಲಿನಿಂದ ತಟ್ಟಿ ನೋಡಿದ.

"ಏನಿದು ನಾಟಕ? ನನ್ನ ತಂಗಿ ಸೊಂಟ ಮುರ್ಕೊಂಡ್ರೆ ಹೊರೋನು ನಾನು, ಈ ಮಚಾಕೋಸಿನವನಲ್ಲ."

"ಅವಳೇ ಒಪ್ಪಿದ್ದು."

"ಅವಳು ಒಪ್ಪೋದಾ? ಬೆಳಿಗ್ಗೆ ಎದ್ರೆ ಸೂರ್ಯನ್ನೂ ಎರಡು ಸಲ ಕೇಳಿ ಒಳಗೆ ಬಿಟ್ಕೊಳ್ಳೋಳು." ಹತ್ತಿರ ಬಂದ. "ನೀನೇನಾದ್ರೂ ಹೇಳಿದ್ಯಾ, ಕಸೈನೆ?"

"ಏನು ಹೇಳ್ಲಿ?"

"ಏನೂ ಇಲ್ಲ. ಹೇಳೋಕೇನೂ ಇಲ್ಲ." ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. "ದನ ಎಲ್ಲಾ ಲೊಯ್ಟಾ ಬೆಟ್ಟಕ್ಕೆ ಹೊಡೆಸಿದ್ದೀನಿ. ಇಲ್ಲಿ ಹುಲ್ಲೆಲ್ಲಿದೆ? ಶುಕ್ರವಾರ ಕಳೀಲಿ, ಆಮೇಲೆ ಎಷ್ಟು ಬೇಕಾದ್ರೂ ಹಾರಿಸ್ಕೊಳ್ಳಿ."

ಶನಿವಾರ ತನಿಖೆಯಿದೆ, ಆಗುವುದಿಲ್ಲ ಎಂದು ಮುತಿಂಡ ಹೇಳಿದ. ಹೋಗುವಾಗ ಮೈತಮೈ ನನ್ನ ಕೈಗೆ ಸೊಪ್ಪಿನಲ್ಲಿ ಸುತ್ತಿದ ಪಕ್ಕೆಯ ಮಾಂಸವಿಟ್ಟ. ಕಾರಣ ಹೇಳಲಿಲ್ಲ. ನಾನು ಅದನ್ನು ಹೆಂಡತಿಗೆ ಕೊಟ್ಟೆ. ಅವಳು, "ಏನು ವಿಶೇಷ?" ಎಂದು ಕೇಳಿದಳು. ನಾನು ಕರು ಕೂಡಿಹಾಕಲು ಹೊರಗೆ ಹೋದೆ.

ಬುಧವಾರದ ಹಾರಾಟ ಬಡಗಲಿಗೆ ಹೋಯಿತು. ಇಳಿಯುವಾಗ ಅವಳನ್ನು ಹಿಡಿದುಕೊಳ್ಳಲು ಬುಟ್ಟಿಯಲ್ಲಿ ನಾನೂ ಇದ್ದೆ. ಕಿಮಿರೈ ಬುಟ್ಟಿಯ ಪ್ರತಿ ಹೆಣಿಗೆಯನ್ನೂ ಬೆರಳಿನಿಂದ ತಡವಿ, ಕೊಂಡಿಗಳನ್ನು ಮೂರು ಸಲ ಹಾಕಿಸಿ ತೆಗೆಸಿ, ಆಮೇಲಷ್ಟೇ ಬಾಗಿಲು ಮುಚ್ಚಲು ಬಿಟ್ಟಿದ್ದಳು. ಕೆಳಗೆ ಆನೆಗಳ ಹಿಂಡೊಂದು ಕಂಡಾಗ ಮುತಿಂಡ ಖುಷಿಯಿಂದ ತೋರಿಸಿದ.

"ಆನೆ ನಮ್ಮನೆ ಹಿತ್ತಲಿಗೇ ಬರುತ್ತೆ, ಪೈಲಟಣ್ಣ," ಅಂದಳು. "ಈ ಕುರ್ಚಿ ತಗ್ಗಾಯ್ತು. ನಂಗೆ ಕಾಣ್ತಿರೋದು ಬರೀ ದೂರದ್ದು. ನೇರ ಕೆಳಗೆ ಏನಿದೆ ಅಂತ ಕಾಣಲ್ಲ."

ಮುತಿಂಡ ಪುಸ್ತಕದಲ್ಲಿ ಬರೆದುಕೊಂಡ. ಮಧ್ಯಾಹ್ನ ಕುರ್ಚಿಯ ಕೆಳಗೆ ಒಂದು ಗೇಣು ಎತ್ತರದ ಮರದ ಪೀಠ ಕೊಡಿಸಿದ. ಕುರ್ಚಿ ಎತ್ತರಿಸಲು ಅವಳು ಕೇಳಿದ್ದು ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೊಳೆ ಹೊಡೆದವನು ನಾನು.

ಗುರುವಾರ ಬೆಳಿಗ್ಗೆ ಗಾಳಿಯ ದಿಕ್ಕು ನೋಡಲು ಮುತಿಂಡ ಬಿಟ್ಟ ಚಿಕ್ಕ ಕರಿ ಪುಗ್ಗೆ ಸೀದಾ ಪಡುವಲಿಗೆ ಹೋಯಿತು. ಕಿಮಿರೈ ಅದು ಚುಕ್ಕೆಯಾಗುವವರೆಗೆ ಕಣ್ಣು ತೆಗೆಯಲಿಲ್ಲ.

ದೊಡ್ಡ ಫ್ಯಾನು ಬಲೂನಿನ ಬಟ್ಟೆಗೆ ಗಾಳಿ ತುಂಬಿತು, ಬರ್ನರ್ ಗರ್ಜಿಸಿತು, ನೆಲ ತಾನಾಗಿಯೇ ಕೆಳಗಿಳಿದಂತೆ ನಾವು ಮೇಲಾದೆವು. ಅವಳು ಬಾಗಿಲಿನ ಹಾಳೆಗೆ ಹಣೆ ಒತ್ತಿ ಕೂತಳು. ಬರ್ನರ್ ನಿಂತಾಗಲೆಲ್ಲ ಎಷ್ಟು ನಿಶ್ಶಬ್ದವೆಂದರೆ, ಕೆಳಗೆ ಯಾವುದೋ ಹಟ್ಟಿಯ ಹೆಂಗಸು ಕರುವನ್ನು ಬೈಯುವುದು ಬೈಗುಳದ ಸಮೇತ ಕೇಳಿಸುತ್ತಿತ್ತು. ಹೊಳೆ ಬಂತು. ಹಳದಿ ತೊಗಟೆಯ ಮರಗಳ ಸಾಲು ಬಂತು. ಸಾಲು ದಾಟಿದ ಕೂಡಲೇ ಮೊಣಕಾಲೆತ್ತರದ ಹುಲ್ಲು, ನಡುವೆ ದನ ನೆಕ್ಕುವ ಬಿಳಿಯ ಉಪ್ಪುನೆಲದ ಒಂದು ತುಂಡು, ಸುತ್ತ ಹೊಸದಾಗಿ ಕಡಿದು ಹಾಕಿದ ಮುಳ್ಳುಬೇಲಿ. ದನ ಸಾಕುವವನು ಕನಸಿನಲ್ಲಿ ಕಾಣುವಂಥ ನೆಲ.

ನಾನು ಗ್ಯಾಸಿನ ಮುಳ್ಳು ನೋಡಿದೆ. ಹಗ್ಗ ನೋಡಿದೆ. ದೂರದ ಒಂಟಿ ಗುಡ್ಡ ನೋಡಿದೆ.

ಆಗ ಕೆಳಗಿನಿಂದ ಗಂಟೆಯ ಸದ್ದು ಬಂತು. ನಮ್ಮಲ್ಲಿ ಒಂದೊಂದು ಹಿಂಡಿನ ಮುಂದಾಳು ಎತ್ತಿಗೆ ಒಂದೊಂದು ಗಂಟೆ, ಕಮ್ಮಾರ ಒಂದರಂತೆ ಇನ್ನೊಂದನ್ನು ಬಡಿಯುವುದಿಲ್ಲ. ಇದು ದಪ್ಪ ಸದ್ದು, ಕೊನೆಯಲ್ಲಿ ಕೆಮ್ಮಿದಂತೆ ಒಡೆಯುತ್ತದೆ.

"ಅದು ನಮ್ಮಣ್ಣನ ಎತ್ತು," ಎಂದಳು ಕಿಮಿರೈ. "ಲೊಯ್ಟಾ ಬೆಟ್ಟ ಇಷ್ಟು ಹತ್ತಿರ ಯಾವಾಗ ಬಂತು?"

ನಾನು ಮುತಿಂಡನ ಚಪ್ಪಲಿ ನೋಡಿದೆ. ಬಾಯಿ ತೆಗೆಯದಿದ್ದರೆ ತಪ್ಪಿಲ್ಲ ಎಂದುಕೊಂಡೆ.

"ದನ ಎಲ್ಲಿ ಬೇಕಾದ್ರೂ ಮೇಯುತ್ತೆ, ಅದು ಬಿಡು. ಈ ನೆಲ ಯಾರದ್ದು, ಕಸೈನೆ?"

"ಪಟ್ಟಿ ಬಿಗಿಯಾಯ್ತಾ ನೋಡ್ಲಾ?"

"ಪಟ್ಟಿ ಸರಿಯಾಗಿದೆ." ಅವಳು ಹಾಳೆಯಿಂದ ಹಣೆ ತೆಗೆದು ನನ್ನ ಕಡೆ ತಿರುಗಿದಳು. "ನಿನ್ನೆ ಹಾರಿದಾಗ ನೀನು ಸುತ್ತಲೂ ನೋಡ್ತಿದ್ದೆ, ಮೊದಲ ಸಲ ಹತ್ತಿದೋನ ಹಾಗೆ. ಇವತ್ತು ಹೊಳೆವರೆಗೂ ನೋಡ್ದೆ. ಹೊಳೆ ದಾಟಿದ ಮೇಲೆ ಗುಡ್ಡ ನೋಡ್ದೆ, ಪೈಲಟಣ್ಣನ ಚಪ್ಪಲಿ ನೋಡ್ದೆ. ಇಂಥ ಹುಲ್ಲಿನ ಮೇಲೆ ಹೋಗ್ತಾ ಕೆಳಗೆ ನೋಡದಿರೋ ಮಸಾಯಿ ಗಂಡಸನ್ನ ನಾನು ಇವತ್ತೇ ನೋಡಿದ್ದು."

ಮುತಿಂಡ ಬರ್ನರ್ ಎಳೆದ. ಆ ಸದ್ದು ನಿಲ್ಲದಿರಲಿ ಎಂದು ನಾನು ಬಯಸಿದೆ. ಅದು ನಿಂತಾಗ ಅವಳು ಮತ್ತೆ ಹಾಳೆಗೆ ಹಣೆ ಒತ್ತಿದ್ದಳು. ಬೇಲಿಯ ಉದ್ದವನ್ನು, ಮೂಲೆಯ ಮರಗಳನ್ನು, ನೀರಿಗಿಳಿಯುವ ದಾರಿಯನ್ನು ಒಂದೊಂದಾಗಿ ಪಿಸುಗುಟ್ಟಿಕೊಂಡು ನೆನಪಿಗೆ ಹಾಕಿಕೊಳ್ಳುತ್ತಿದ್ದಳು.

ಇಳಿಯುವಾಗ ಗಾಳಿ ಜೋರಿತ್ತು. ಬುಟ್ಟಿ ಎರಡು ಸಲ ನೆಲಕ್ಕೆ ಗುದ್ದಿ, ಸ್ವಲ್ಪ ದೂರ ಎಳೆದುಕೊಂಡು ಹೋಗಿ, ಪಕ್ಕಕ್ಕೆ ಮಲಗಿತು. ಕಿಮಿರೈ ಪಟ್ಟಿಯಲ್ಲಿ ಅಡ್ಡವಾಗಿ ನೇತಾಡುತ್ತಿದ್ದಳು. ನನ್ನ ತೋಳು ಅವಳ ಕುತ್ತಿಗೆಯ ಹಿಂದಿತ್ತು.

"ಎಡಗಡೆ ಪಟ್ಟಿ ಕಂಕುಳಲ್ಲಿ ಕೊಯ್ಯುತ್ತೆ," ಎಂದಳು ಮುತಿಂಡನಿಗೆ, ಅಡ್ಡವಾಗಿಯೇ. "ತಲೆಗೆ ಮೆತ್ತೆ ಬೇಕು. ಬಾಗಿಲು ನೆಲಕ್ಕೆ ಬೀಳೋ ಹಾಗೆ ಇಳಿಸ್ಬೇಡ, ಆಮೇಲೆ ತೆಗೆಯೋದು ಹೆಂಗೆ? ಬರ್ಕೊ."

ಅವನು ಬರೆದುಕೊಂಡ.

ಶುಕ್ರವಾರ ಚೀಫ್ ಕಚೇರಿಗೆ ಅವಳ ಕುರ್ಚಿ ತಳ್ಳಿಕೊಂಡು ಹೋದವನು ನಾನೇ. ಅವಳೇ ಕರೆದಳು. ಯಾಕೆ ನನ್ನನ್ನು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮೈತಮೈ ಒಗೆದ ಕೆಂಪು ಶುಕಾ ಬಟ್ಟೆ ಹೊದ್ದು ಬಾಗಿಲಲ್ಲೇ ನಿಂತಿದ್ದ. ನಮ್ಮಿಬ್ಬರನ್ನು ಒಟ್ಟಿಗೆ ನೋಡಿದಾಗ ಅವನ ಕೋಲು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಹೋಯಿತು.

ಚೀಫ್ ಕಾಗದ ಓದಿದ. ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದ. ಕಿಮಿರೈ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನೋಡಿ ಬಂದು ಒತ್ತುತ್ತೀನಿ," ಎಂದಳು.

"ಏನು ನೋಡ್ತೀಯೇ?" ಎಂದ ಮೈತಮೈ. "ಅಲ್ಲಿಗೆ ಕತ್ತೆನೂ ಹೋಗಲ್ಲ. ಬರೀ ಕಲ್ಲು."

"ಬಲೂನಿನವರ ಜೀಪು ಹೋಗುತ್ತೆ. ನಿನ್ನೆ ನನ್ನನ್ನ ಅದರಾಚೆಯಿಂದ ಎತ್ಕೊಂಡು ಬಂತು. ಕಲ್ಲು ನೋಡಿದ್ರೆ ಅಲ್ಲೇ ಒತ್ತಿಬಿಡ್ತೀನಿ, ಶಾಯಿ ಡಬ್ಬಿನೂ ತಗೊಂಡು ಬನ್ನಿ."

ಚೀಫ್ ಅಣ್ಣತಂಗಿಯರನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿ, ಕೊನೆಗೆ ನನ್ನ ಕಡೆ ಗದ್ದ ಎತ್ತಿದ. "ಸರಪಳಿ ಹಿಡಿದೋನು ನೀನಲ್ವೇನೋ? ಇವಳದ್ದು ಎಲ್ಲಿ?"

ಮೈತಮೈ ನನ್ನನ್ನು ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಮೂಲೆಗಳಲ್ಲಿ ಕಲ್ಲಿದೆ," ಅಂದೆ. "ಕಲ್ಲಿನ ಮೇಲೆ ನಂಬರಿದೆ. ಕಾಗದದ ಮೇಲೂ ನಂಬರಿದೆ. ಓದು ಬಲ್ಲೋರು ಯಾರಾದ್ರೂ ಓದ್ಕೋಬಹುದು."

"ಸೋಮವಾರ," ಎಂದು ಚೀಫ್ ಡಬ್ಬಿಯ ಮುಚ್ಚಳ ಹಾಕಿದ.

ಹೊರಗೆ ಮೈತಮೈ ನನ್ನನ್ನು ಪಕ್ಕಕ್ಕೆ ಕರೆದ. "ಅವಳಿಗೆ ಹೇಳಿದ್ದು ಯಾರು?"

"ಅವಳನ್ನೇ ಕೇಳು."

"ಕೇಳಿದೆ. ನೀನು ಬಾಯೇ ಬಿಡಲಿಲ್ಲ ಅಂದ್ಲು." ಅವನ ದನಿಯಲ್ಲಿ ಕೋಪಕ್ಕಿಂತ ಗೊಂದಲವಿತ್ತು. "ಹಂಗಂದಾಗ ನಗ್ತಿದ್ಲು. ಯಾಕೆ ನಗ್ತಿದ್ಲು?"

ನನಗೆ ಗೊತ್ತಿಲ್ಲ ಅಂದೆ. ಅವನು ನಂಬಲಿಲ್ಲ. ಅವನು ಹೊಳೆಯ ಕಡೆಗೇ ಬಿರುಸಾಗಿ ನಡೆದ. ದನಗಳನ್ನು ಸೋಮವಾರದೊಳಗೆ ಹೊರಡಿಸಬಹುದು, ಬೇಲಿಯನ್ನೂ ಸುಡಬಹುದು. ಹುಲ್ಲನ್ನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆ?

ಕಿಮಿರೈಯ ಕುರ್ಚಿಯ ಮುಂದಿನ ಗಾಲಿ ಆಗಲೇ ಮಣ್ಣಿನಲ್ಲಿ ಹೂತಿತ್ತು. ಹಿಂದಕ್ಕೆ ವಾಲಿಸಿ ಎತ್ತಿದೆ.

"ಸೋಮವಾರ ನೀನು ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತ್ಕೋ," ಅಂದೆ. "ಡ್ರೈವರಿಗೆ ದಾರಿ ನೀನೇ ಹೇಳು."

"ನೀನು?"

"ಹಿಂದೆ ಕೂತ್ಕೋತೀನಿ."

ಅವಳು ತಲೆಯನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ, ನನ್ನ ಮುಖವನ್ನು ತಲೆಕೆಳಗಾಗಿ ನೋಡಿದಳು.

"ಹಿಂದೆ ಯಾಕೆ?" ಎಂದು ಕೇಳಿದಳು. "ನೀನು ಎಲ್ಲಿ ನೋಡ್ತಿಲ್ಲ ಅಂತ ನಂಗೆ ಕಾಣಲ್ಲ."