ಅಳಿಯನ ಟಬ್ಬು

ಚಳಿ ಹಿಂದೆ ಸರಿದಿತ್ತು. ಬಿಸಿಲಿಗೆ ಇನ್ನೂ ಸರಿಯಾಗಿ ಹಲ್ಲು ಮೂಡಿರಲಿಲ್ಲ. ಬಾವಿಯ ನೀರು ಮಾತ್ರ ಯಾರಿಗೂ ಹೇಳದೆ ಕೆಳಗಿಳಿಯತೊಡಗಿತ್ತು. ಅಂಥದೊಂದು ಬೆಳಿಗ್ಗೆ ಹೊಲಿಗೆ ಅಕ್ಕ ತೋಳು ಮೇಲೇರಿಸಿಕೊಂಡು ಹಿತ್ತಲ ತೊಟ್ಟಿಯ ಒಳಗೋಡೆಗೆ ಅಂಟಿದ್ದ ಪಾಚಿಯನ್ನು ನಾರಿನ ಉಂಡೆಯಿಂದ ಉಜ್ಜುತ್ತಿದ್ದಳು. ಊರಿನವರ ಅಂಗಿ, ಲಂಗ, ಶಾಲೆ ಮಕ್ಕಳ ಸಮವಸ್ತ್ರ ಎಲ್ಲ ಅವಳ ಕೈಯಲ್ಲೇ ತಯಾರಾಗುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಒಳಗೆ ಮಿಷನ್ನಿನ ಮೇಲೆ ಅರ್ಧ ಹೊಲಿದ ಕಾಲರೊಂದು ಕಾಯುತ್ತಿತ್ತು. ಕಾಯಲಿ. ಕಾಲರಿಗೆ ಉಸಿರು ಕಟ್ಟುವುದಿಲ್ಲ, ಮೀನಿಗೆ ಕಟ್ಟುತ್ತದೆ ಎಂಬುದು ಅವಳ ವಾದ.

ಆ ತೊಟ್ಟಿ ಮೀನಿಗೆಂದು ಕಟ್ಟಿದ್ದಲ್ಲ. ಎತ್ತುಗಳಿಗೆ ನೀರು ಕುಡಿಸಲು ಮಾವನ ಕಾಲದಲ್ಲಿ ಕಟ್ಟಿಸಿದ್ದು. ಎತ್ತು ಹೋಗಿ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರು ಬಂದ ಮೇಲೆ ತೊಟ್ಟಿಯಲ್ಲಿ ಸೊಳ್ಳೆಮರಿ ತುಂಬಿಕೊಂಡವು. ಅವನ್ನು ತಿನ್ನಲೆಂದು ಅವಳು ನಾಲ್ಕಾರು ಗೋಲ್ಡ್‌ಫಿಶ್ ತಂದು ಬಿಟ್ಟಳು. ಸೊಳ್ಳೆ ಬರೀ ನೆಪವಾಯಿತು. ಮೀನು ಬೆಳೆದವು, ಮೊಟ್ಟೆ ಇಟ್ಟವು, ಅಂಗೈಯಗಲದ ಕಿತ್ತಳೆ ಬಣ್ಣದ ಮಂದೆಯೇ ಆಯಿತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಉರಿಯತೊಡಗಿದಾಗ ತೊಟ್ಟಿಯ ಅಂಚಿಗೆ ಬಂದು ಕೂತರೆ ಸಾಕು, ಕಣ್ಣಿಗೆ ತಂಪು ಇಳಿದಂತಾಗುತ್ತಿತ್ತು.

ಆ ಮಂದೆಗೆ ಕೊಳ್ಳಿ ಇಟ್ಟವನು ಅವಳ ಸ್ವಂತ ತಮ್ಮ.

ಪೇಟೆಯಲ್ಲಿ ಅವನದು ಬಣ್ಣದ ಮೀನಿನ ಅಂಗಡಿ. ಹಿಂದಿನ ವರ್ಷ ಅಕ್ಕನಿಗೆ ಖುಷಿಯಾಗಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೋಡಿ ಕಪ್ಪು ಮೀನು ತಂದ. "ಸ್ವಲ್ಪ ದಿನ ಬೇರೆ ಇಟ್ಟು ನೋಡೋಣ ಕಣೋ" ಎಂದು ಅವಳು ಹೇಳಿ ಮುಗಿಸುವುದರೊಳಗೆ, "ಏನೂ ಆಗಲ್ಲ ಬಿಡಕ್ಕ" ಎಂದು ಚೀಲವನ್ನು ತೊಟ್ಟಿಗೆ ಬೋರಲು ಹಾಕಿಯೇಬಿಟ್ಟ. ಕೆಲವೇ ದಿನಕ್ಕೆ ಮೀನುಗಳ ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಗೋಡೆಗೆ ಮೈ ತಿಕ್ಕಿ ತಿಕ್ಕಿ ಒಂದೊಂದೇ ಮಗುಚಿಕೊಂಡವು. ಉಳಿದದ್ದು ಮೂರೇ ಮೂರು. ಆ ಮೂರೂ ಹೆಣ್ಣು ಎಂದು ಗೊತ್ತಾದದ್ದು ಆಮೇಲೆ. ಹೊಟ್ಟೆ ಉಬ್ಬಿಸಿಕೊಂಡು ಮೊಟ್ಟೆ ಉದುರಿಸುತ್ತಿದ್ದವೇ ಹೊರತು ಒಂದು ಮರಿಯೂ ಕಣ್ಣು ಬಿಡಲಿಲ್ಲ.

"ನಿನ್ನ ತೊಟ್ಟಿ ಮತ್ತೆ ತುಂಬಿಸಿಕೊಡೋದು ನನ್ನ ಮೇಲಿರೋ ಋಣ ಅಕ್ಕ" ಎಂದಿದ್ದ ತಮ್ಮ, ಆಮೇಲೆ ಬಹಳ ದಿನ ಈ ಕಡೆ ಮುಖ ಹಾಕಿರಲಿಲ್ಲ.

ಆ ಬೆಳಿಗ್ಗೆ ಅವನ ಸ್ಕೂಟರು ಅಂಗಳಕ್ಕೆ ಬಂದು ನಿಂತಿತು. ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತಿದರು.

"ಬನ್ನಿ ಬೀಗರೇ. ಈ ಸಲ ಯಾರನ್ನ ಸಾಗಹಾಕೋಕೆ ಬಂದ್ರಿ?"

"ಬೈಬೇಡಿ ಅತ್ತೆಮ್ಮ. ಈ ಸಲ ಗಂಡು ತಂದಿದೀನಿ" ಎಂದು ತಮ್ಮ ಚೀಲವನ್ನು ಎತ್ತಿ ತೋರಿಸಿದ. ಒಳಗೆ ಒಂದು ದೊಡ್ಡ ಮೀನು, ತಾಮ್ರದ ಬಣ್ಣದ್ದು, ಮುಖ ಸಿಂಡರಿಸಿಕೊಂಡು ನಿಂತಿತ್ತು. "ಹೊಳೆ ಆಚೆ ಹೊಂಡ ತೋಡಿ ಮೀನು ಸಾಕ್ತಾರಲ್ಲ, ಅವರ ಹತ್ರ ಕಾಡಿ ಬೇಡಿ ತಂದಿದ್ದು. ನಿಮ್ಮನೆ ಮೂರು ಹೆಣ್ಣಿಗೂ ಇವನೊಬ್ಬನೇ."

"ಹಾಗಾದ್ರೆ ಮನೆಅಳಿಯ ಅನ್ನು."

ಅವತ್ತಿನಿಂದ ಆ ಮೀನಿಗೆ ಅಳಿಯ ಎಂದೇ ಹೆಸರಾಯಿತು.

ಈ ಸಲ ತಮ್ಮ ತೊಟ್ಟಿಯ ಹತ್ತಿರಕ್ಕೂ ಸುಳಿಯಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವನು ಈಗ ಒಲೆ ಇಲ್ಲದ ಕಡೆಯೂ ಕೈ ಹಿಂದಕ್ಕೆ ಎಳೆದುಕೊಳ್ಳುವಂತಾಗಿದ್ದ. ಜೇಬಿನಿಂದ ಒಂದು ನೀಲಿ ಔಷಧಿಯ ಬಾಟಲಿ, ಒಂದು ಮಾತ್ರೆ ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟ.

"ಚೀಲ ಬಿಚ್ಚಿದ ತಕ್ಷಣ ಈ ನೀಲಿ ಹನಿ. ನಾಳೆ ಮಾತ್ರೆ. ಆಮೇಲೆ ಹೊಟ್ಟೆಹುಳಕ್ಕೆ ಇನ್ನೊಂದು ಕಳಿಸ್ತೀನಿ."

"ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ. ಆಗಬಾರದು ಅಂತ."

"ಜ್ವರ ಇಲ್ಲದ ಮಗೂಗೆ ಯಾರಾದ್ರೂ ಸೂಜಿ ಚುಚ್ಚಿಸ್ತಾರಾ?"

"ಚುಚ್ಚಿಸ್ತಾರಲ್ಲಕ್ಕ, ಲಸಿಕೆ!"

ಅತ್ತೆ ಮೊರ ಮರೆಮಾಡಿಕೊಂಡು ನಕ್ಕರು.

"ಲಸಿಕೆ ಬೇರೆ, ಇದು ಬೇರೆ ಕಣೋ" ಎಂದಳು ಅವಳು ಸಾವರಿಸಿಕೊಂಡು. "ಚೀಲದಲ್ಲಿ ಕುಲುಕಿಸಿಕೊಂಡು ಬಂದು ಮೊದಲೇ ಸುಸ್ತಾಗಿದೆ. ಅದರ ಮೇಲೆ ಔಷಧಿ ಸುರಿದ್ರೆ, ನಾಳೆ ಊಟ ಬಿಟ್ರೆ ಸುಸ್ತಿಗೋ ಔಷಧಿಗೋ ರೋಗಕ್ಕೋ ಹೇಗೆ ಹೇಳೋದು? ಚೆನ್ನಾಗೇ ಇದ್ರೂ ಅದು ಮೀನಿನ ಗುಣವೋ ನಿನ್ನ ಬಾಟಲಿ ಗುಣವೋ ಗೊತ್ತಾಗಲ್ಲ."

"ನನ್ನ ಅಂಗಡಿಗೆ ಹತ್ತು ಕಡೆಯ ಮೀನು ಒಟ್ಟಿಗೆ ಬಂದು ಬೀಳ್ತವೆ. ಒಂದೊಂದರ ಮುಖ ನೋಡ್ತಾ ಕೂರೋಕೆ ಆಗುತ್ತಾ? ಹಾಕಲೇಬೇಕು."

"ನಿಂಗೆ ಹಾಕಲೇಬೇಕು, ಒಪ್ತೀನಿ. ನಂಗಿರೋದು ಒಬ್ಬ ಅಳಿಯ. ನೋಡ್ತಾ ಕೂರ್ತೀನಿ."

ಕೊನೆಗೆ ಅಳಿಯ ಒಂದು ತಿಂಗಳು ತೊಟ್ಟಿಯಿಂದ ಬೇರೆ ಇರುವುದು, ಬಾಟಲಿ ಮುಚ್ಚಳ ಒಡೆಯದೆ ಮಿಷನ್ನಿನ ಮೇಲಿನ ಗೂಡಿನಲ್ಲಿರುವುದು, ಒಂದೇ ಒಂದು ಚುಕ್ಕೆ ಕಂಡರೂ ಅವತ್ತೇ ಒಡೆಯುವುದು ಎಂದು ರಾಜಿಯಾಯಿತು.

ಹೊಸ ಬಟ್ಟೆ ನೆನೆಹಾಕುತ್ತಿದ್ದ ಅಗಲವಾದ ಟಬ್ಬು ಅಳಿಯನ ಬಿಡಾರವಾಯಿತು. ಮಿಷನ್ನಿನ ಪಕ್ಕದ ಕಿಟಕಿಯ ಕೆಳಗೆ ಅದನ್ನಿಟ್ಟು, ಗುಳ್ಳೆ ಬಿಡುವ ಸಣ್ಣ ಪಂಪು ಹಚ್ಚಿ, ಅದಕ್ಕೇ ಬೇರೆ ಜಾಲರಿ, ಬೇರೆ ಚೊಂಬು, ಬೇರೆ ಬಕೆಟ್ಟು ಗೊತ್ತುಮಾಡಿದಳು. ದಿನವೂ ಕೊಳವೆಯಿಂದ ತಳದ ನೀರನ್ನು ಬಕೆಟ್ಟಿಗೆ ಇಳಿಸಿ ಹುರುಳಿಕಾಯಿ ಬಳ್ಳಿಯ ಬುಡಕ್ಕೆ ಸುರಿಯುವಳು. ಮಿಷನ್ ತುಳಿಯುತ್ತಲೇ ಓರೆಗಣ್ಣಿನಲ್ಲಿ ನೋಡುವಳು. ಅಳಿಯ ಮೊದಲು ಮೂಲೆ ಹಿಡಿದು ನಿಂತ. ಆಮೇಲೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಉಗುಳಿದ. ಮತ್ತೊಂದು ದಿನ ಉಗುಳಲಿಲ್ಲ.

"ಮಾವನ ಮನೆ ಊಟ ಹಿಡಿಸ್ತು ಅನ್ನು" ಎಂದರು ಅತ್ತೆ.

ಅಳಿಯನ ರೆಕ್ಕೆಗಳು ಬಿಡಿಸಿದ ಬೀಸಣಿಗೆಯಂತೆ ನಿಂತವು. ಇನ್ನು ಕೆಲವು ದಿನ ಹೀಗೇ ಕಳೆದರೆ ಸಾಕು ಎಂದು ಅವಳು ಒಳಗೊಳಗೇ ಹಗುರಾಗತೊಡಗಿದ್ದಳು.

ಅಷ್ಟರಲ್ಲಿ ಆದ ಎಡವಟ್ಟಿಗೆ ಕಾರಣ ಯಾರು ಎಂದರೆ ಅತ್ತೆ ಸೊಸೆ ಇಬ್ಬರೂ. ಅವಳು ಬಕೆಟ್ಟು ತುಂಬಿಸಿ ಬಾಗಿಲ ಬಳಿ ಇಟ್ಟಿದ್ದಳು. ಯಾರೋ ಅಂಗಿಯ ಅಳತೆ ಕೊಡಲು ಅವಸರದಲ್ಲಿ ಬಂದರು. ಟೇಪು ಹಿಡಿದು ಮುಂಬಾಗಿಲಿಗೆ ಹೋದಳು. ವಾಪಸು ಬಂದಾಗ ಬಾಗಿಲ ಬಳಿ ಬಕೆಟ್ಟಿರಲಿಲ್ಲ. ಹಿತ್ತಲಿನಿಂದ ನೀರು ಸುರಿದ ಸದ್ದು ಬಂತು. ಓಡಿದಳು. ಅತ್ತೆ ಬಕೆಟ್ಟಿನ ಕೊನೆಯ ಹನಿಯನ್ನು ತೊಟ್ಟಿಗೆ ಬಸಿಯುತ್ತಿದ್ದರು.

"ಅತ್ತೇ! ಯಾವ ನೀರು ಅದು?"

"ಅಳಿಯನ ನೀರು ಕಣೇ. ತೊಟ್ಟಿ ಗೇಣುದ್ದ ಇಳಿದಿತ್ತು. ಬಾವಿ ಬತ್ತುತಾ ಇರೋವಾಗ ಬಳ್ಳಿಗೆ ಯಾಕೆ ಸುರೀಬೇಕು, ಮೀನಿನ ನೀರು ಮೀನಿಗೇ ಆಗಲಿ ಅಂತ..."

ಹೊಲಿಗೆ ಅಕ್ಕನಿಗೆ ಬೈಯಲು ಬಾಯಿ ಬರಲಿಲ್ಲ. ಈ ಮನೆಗೆ ಬಂದಾಗಿನಿಂದ ಅತ್ತೆ ಮಾಡಿದ್ದು ಅದನ್ನೇ: ಹೊಲದಿಂದ ಎತ್ತು ಬರುವ ಹೊತ್ತಿಗೆ ತೊಟ್ಟಿ ತುಂಬಿರಬೇಕು. ಎತ್ತು ಹೋದರೂ ಕೈಯ ಅಭ್ಯಾಸ ಹೋಗಿರಲಿಲ್ಲ. ತೊಟ್ಟಿ ಇಳಿದಿದ್ದು ಕಂಡರೆ ಆ ಜೀವಕ್ಕೆ ಸಮಾಧಾನವಿಲ್ಲ.

"ಕಾಯಿಲೆಯವರ ಎಂಜಲು ಲೋಟದಲ್ಲಿ ನೀರು ಕುಡಿದ ಹಾಗಾಯ್ತು ಅತ್ತೆ" ಎಂದಳು ಮೆಲ್ಲಗೆ.

"ಅಳಿಯನಿಗೆ ಕಾಯಿಲೆ ಇದೆಯಾ?"

"ಇಲ್ಲ. ಇಲ್ಲಿವರೆಗೆ ಕಂಡಿಲ್ಲ."

"ಕಂಡರೆ?"

ಅತ್ತೆ ಬಕೆಟ್ಟನ್ನು ಬೋರಲು ಹಾಕಿ, ಅದರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಮಧ್ಯಾಹ್ನ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಮರುದಿನ ಬೆಳಿಗ್ಗೆ ಕಾಳು ಹಾಕಲು ಬಗ್ಗಿದವಳು ಹಾಗೇ ಇನ್ನಷ್ಟು ಬಗ್ಗಿ ನೋಡಿದಳು. ಅಳಿಯನ ಕೆನ್ನೆಯ ಮೇಲೆ ಬಿಳಿ ಚುಕ್ಕೆಗಳು. ಒಂದಲ್ಲ, ಹಲವು.

ಫೋನಿನಲ್ಲಿ ತಮ್ಮನ ಧ್ವನಿ ಕೀರಲಾಯಿತು. "ಟಬ್ಬಿಗೂ ಹಾಕು, ತೊಟ್ಟಿಗೂ ಹಾಕು ಅಕ್ಕ! ಯೋಚನೆ ಮಾಡ್ತಾ ನಿಲ್ಲಬೇಡ. ಇನ್ನಷ್ಟು ಬಾಟಲಿ ತಗೊಂಡು ನಾನು ಹೊರಟೆ."

ಅವಳು ಗೂಡಿನಿಂದ ಬಾಟಲಿ ಇಳಿಸಿದಳು. ಒಂದು ಚುಕ್ಕೆ ಕಂಡರೂ ಎಂದು ಮಾತು ಕೊಟ್ಟವಳು ಅವಳೇ. ಆದರೆ ತೊಟ್ಟಿಯಲ್ಲಿ ಮೂರು ಹೆಣ್ಣು ಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಭಾರವಾಗಿ ತೇಲುತ್ತಿದ್ದವು. ನೀಲಿ ಸುರಿದರೆ ನೀರೊಳಗಿನ ಗಿಡ ಸೊರಗುತ್ತದೆ, ವರ್ಷವಿಡೀ ಮೀನಿಗೆ ಒಗ್ಗುವಂತೆ ಪಕ್ವವಾಗಿದ್ದ ನೀರು ಕೆಡುತ್ತದೆ. ಸುರಿಯದಿದ್ದರೆ ಇರುವ ಮೂರೂ ಹೋಗಬಹುದು. ಮುಚ್ಚಳದ ಮೇಲಿಟ್ಟ ಬೆರಳು ಅಲ್ಲೇ ನಿಂತಿತು.

"ಒಂದು ಸಲ ಬಿಸಿಲಲ್ಲಿ ನೋಡೋಣ ಅತ್ತೆ" ಎಂದಳು. "ಆ ಬಿಳೀ ಬೇಸಿನ್ ಕೊಡಿ."

ಅತ್ತೆ ಬೇಸಿನ್ ತಂದರು. ಅಳಿಯನನ್ನು ಅದರೊಳಗಿಟ್ಟು ಅಂಗಳದ ಬೆಳಕಿಗೆ ಒಯ್ದು ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಹೊಲಿಗೆ ಅಕ್ಕ ಕಾಲರು ನೋಡುವಂತೆ ನೋಡಿದಳು. ಕಾಲರಿನ ಎರಡು ತುದಿ ಒಂದಕ್ಕೊಂದು ಹೊಂದಬೇಕು. ಅವಳ ಕಣ್ಣು ಮೊದಲು ಹುಡುಕುವುದು ಅದನ್ನೇ. ಎಡಗೆನ್ನೆಯ ಮೇಲೆ ಚುಕ್ಕೆ. ಮೀನು ತಿರುಗಿತು, ಬಲಗೆನ್ನೆಯ ಮೇಲೂ ಹಾಗೆಯೇ. ಎದೆಯ ಪಕ್ಕದ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಾಲು, ಕೈಹೊಲಿಗೆಯ ಹಾಗೆ ಒಂದರ ಹಿಂದೊಂದು. ಆ ಕಡೆಯ ರೆಕ್ಕೆಯಲ್ಲೂ ಅದೇ ಸಾಲು. ಬಾಲ ಚೊಕ್ಕಟ. ಬೆನ್ನು ಚೊಕ್ಕಟ.

"ಅತ್ತೆ, ಹೋದ ವರ್ಷ ಸತ್ತವಕ್ಕೆ ಹೇಗಿತ್ತು?"

"ಮೈಯೆಲ್ಲ ಎರಚಿದ ಹಾಗಿತ್ತು."

"ಇದು ಹೊಲಿದ ಹಾಗಿದೆ. ಎಡಕ್ಕೂ ಬಲಕ್ಕೂ ಸರಿಸಮ ಮಾಡ್ತಾ ಕೂರೋಷ್ಟು ತಾಳ್ಮೆ ರೋಗಕ್ಕೆಲ್ಲಿಂದ ಬರಬೇಕು?"

ಅಷ್ಟರಲ್ಲಿ ತಮ್ಮ ಬಂದ. ಹೆಲ್ಮೆಟ್ಟು ತೆಗೆಯದೆಯೇ ಬೇಸಿನ್ನಿಗೆ ಬಗ್ಗಿದ.

"ಚುಕ್ಕೆ ಕಾಣ್ತಿದೆಯಲ್ಲಕ್ಕ, ಇನ್ನೇನು ನೋಡೋದು?"

"ಇಷ್ಟು ದೊಡ್ಡ ಗಂಡು ಮೀನನ್ನ ನಿನ್ನ ಅಂಗಡಿಲಿ ನೋಡಿದ್ಯಾ?"

ತಮ್ಮ ಹೆಲ್ಮೆಟ್ಟು ತೆಗೆದ. "ಇಲ್ಲ. ನನ್ನ ಹತ್ರ ಬೆರಳುದ್ದ ಆಗೋದ್ರೊಳಗೆ ಮಾರಿ ಹೋಗ್ತವೆ."

"ನನ್ನ ಹತ್ರ ಉಳಿದಿದ್ದೆಲ್ಲ ಹೆಣ್ಣು. ಮೊದಲಿದ್ದ ಗಂಡುಗಳನ್ನ ಹೀಗೆ ಹಿಡಿದು ಕೆನ್ನೆ ನೋಡಿದವರು ಯಾರು? ಕೊಟ್ಟವರನ್ನೇ ಕೇಳು."

ಅಳಿಯನ ಫೋಟೋ ಹೊಳೆಯಾಚೆಗೆ ಹೋಯಿತು. ಫೋನು ಬಂದಾಗ ಮೊದಲು ಕೇಳಿದ್ದು ಹೊಂಡದವರ ಗೊಳ್ಳೆಂಬ ನಗು. "ಅಯ್ಯೋ ಪುಣ್ಯಾತ್ಮ, ಅದು ರೋಗ ಅಲ್ಲಪ್ಪ! ಗಂಡು ಪ್ರಾಯಕ್ಕೆ ಬಂದಿರೋ ಗುರುತು. ನೀರು ಬೆಚ್ಚಗಾಗ್ತಿದ್ದ ಹಾಗೆ ಕೆನ್ನೆ ಮೇಲೆ, ರೆಕ್ಕೆ ಮೇಲೆ ಏಳುತ್ತೆ. ಮೀನಿನ ಅಂಗಡಿ ಇಟ್ಟಿದೀಯ, ಇಷ್ಟೂ ಗೊತ್ತಿಲ್ವಾ?"

ಅತ್ತೆ ಹಣೆ ಚಚ್ಚಿಕೊಂಡರು.

"ಮದುವೆ ವಯಸ್ಸಿನ ಹುಡುಗನಿಗೆ ಮೊಡವೆ ಎದ್ದರೆ, ಅಕ್ಕ ತಮ್ಮ ಇಬ್ಬರೂ ವಿಷದ ಬಾಟಲಿ ಹಿಡಿದು ನಿಂತಿದೀರಲ್ಲ!"

ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ. ಹೊಲಿಗೆ ಅಕ್ಕನಿಗೆ ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಷ್ಟೂ ಬಂತು. ಅತ್ತೆಯ ಕೈ ಹಿಡಿದು ನೋಡಿದರೆ ಅದಿನ್ನೂ ತಣ್ಣಗಿತ್ತು. ಅದನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕೂತಳು.

ಆದರೂ ಅಳಿಯನನ್ನು ಅವತ್ತೇ ಬಿಡಲಿಲ್ಲ. ನೋಡುತ್ತೇನೆ ಎಂದ ಮೇಲೆ ಪೂರ್ತಿ ನೋಡಬೇಕು ಎಂದು ಹಟ ಹಿಡಿದು, ಅಂದುಕೊಂಡ ಗಡುವು ಮುಗಿಯುವವರೆಗೆ ಟಬ್ಬಿನಲ್ಲೇ ಇಟ್ಟಳು. ಅಳಿಯ ಕಾಳು ತಿಂದು ತಿಂದು ದುಂಡಗಾದ. ತೊಟ್ಟಿಯ ಮೂವರಿಗೂ ಏನೂ ಆಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಅತ್ತೆಯ ಕೈಯಿಂದಲೇ ಅವನನ್ನು ತೊಟ್ಟಿಗೆ ಇಳಿಸಿದಳು. ಅವನು ಒಂದು ಸುತ್ತು ಹೊಡೆದು ಮನೆ ನೋಡಿಕೊಂಡ. ಮಾರನೆಯ ದಿನ ಸೂರ್ಯ ಮೇಲೇರುವ ಮೊದಲೇ ಅವನು ಹೆಣ್ಣುಗಳನ್ನು ಬೆನ್ನಟ್ಟಿದ ರಭಸಕ್ಕೆ ನೀರು ಕಡೆಗೋಲು ಹಾಕಿದಂತೆ ಕದಡಿತು.

ಮೊಟ್ಟೆ ಇಡಲೆಂದು ತೊಟ್ಟಿಯಲ್ಲಿ ತೇಲಿಬಿಟ್ಟಿದ್ದ ನಾರಿನ ಉಂಡೆಗಳು ಈಗ ಮೊಟ್ಟೆ ಅಂಟಿಸಿಕೊಂಡು ಅಳಿಯನಿದ್ದ ಟಬ್ಬಿಗೆ ಬಂದವು. ತೊಟ್ಟಿಯಲ್ಲೇ ಬಿಟ್ಟರೆ ಹೆತ್ತವರೇ ತಿಂದುಬಿಡುತ್ತಾರೆ. ತಮ್ಮ ನೋಡಲು ಬಂದ ದಿನ ಮರಿಗಳು ಕಣ್ಣರೆಪ್ಪೆಯ ಕೂದಲಿಗೆ ಎರಡು ಕಣ್ಣು ಇಟ್ಟಂತೆ ಟಬ್ಬಿನ ಗೋಡೆಗೆ ಅಂಟಿಕೊಂಡಿದ್ದವು.

"ಈಗ ನನ್ನ ಋಣ ತೀರಿತಾ ಅಕ್ಕ?"

"ತೀರಿತು ಹೋಗೋ. ನಿನ್ನ ಬಾಟಲಿ ತಗೊಂಡು ಹೋಗು."

"ಒಂದು ಮಾತು ಹೇಳ್ಲಾ? ಅವತ್ತೇ ನೀಲಿ ಹನಿ ಹಾಕಿದ್ದಿದ್ರೆ ಅತ್ತೆಮ್ಮ ಆ ಬಕೆಟ್ಟನ್ನ ತೊಟ್ಟಿಗೆ ಸುರೀತಾನೇ ಇರಲಿಲ್ಲ. ಬಣ್ಣ ನೋಡೇ ನಿಲ್ತಿದ್ರು."

ಹೊಲಿಗೆ ಅಕ್ಕ ಯೋಚಿಸಿದಳು. ಮಾತು ನಿಜವಿತ್ತು. ಎದ್ದು ಹೋಗಿ, ಕಾಲರಿನಿಂದ ಉಳಿದಿದ್ದ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ತಂದಳು. ಗೂಡಿನಿಂದ ಬಾಟಲಿ ಇಳಿಸಿ, ಮೊದಲ ಸಲ ಅದರ ಮುಚ್ಚಳ ಒಡೆದು, ಅರ್ಧವನ್ನು ಬಟ್ಟಲಿಗೆ ಸುರಿದು, ಪಟ್ಟಿಯನ್ನು ಅದರಲ್ಲಿ ಅದ್ದಿ ಹಗ್ಗದ ಮೇಲೆ ಒಣಹಾಕಿದಳು. ಒಣಗಿದ ಮೇಲೆ ಆ ನೀಲಿ ಪಟ್ಟಿಯನ್ನು ಟಬ್ಬಿನ ಬಕೆಟ್ಟಿನ ಹಿಡಿಗೆ ಬಿಗಿಯಾಗಿ ಸುತ್ತಿ ಹೊಲಿದಳು.

"ನನ್ನ ಕೊರಳಿಗೆ ಕಟ್ಟಬೇಕಾದ ಗಂಟೇನ ಬಕೆಟ್ಟಿಗೆ ಕಟ್ಟಿದೆ ಅನ್ನು" ಎಂದರು ಅತ್ತೆ.

"ನಿಮ್ಮ ಕೊರಳಿಗೆ ಕಟ್ಟಿದ್ರೆ ಊರೆಲ್ಲ ಕೇಳಿಸುತ್ತೆ ಅತ್ತೆ."

ತಮ್ಮ ಅರ್ಧ ಖಾಲಿಯಾದ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದ. "ಹಾಗಾದ್ರೆ ಈಗ ಇದರ ಋಣ ನಿನ್ನ ಮೇಲೆ. ನಾಲ್ಕು ಮರಿ ಕೊಟ್ಟು ತೀರಿಸು."

"ಕೊಡ್ತೀನಿ. ಅಂಗಡಿಗೆ ಹೋದ ಮೇಲೆ ಅವಕ್ಕೆ ಔಷಧಿ ಹಾಕಬಾರದು."

"ಹಾಕ್ತೀನಿ. ಅಂಗಡಿ ನನ್ನದು."

"ಹಾಗಾದ್ರೆ ಮರಿ ನನ್ನವು" ಎಂದು ಅವಳು ಬಕೆಟ್ಟು ಎತ್ತಿಕೊಂಡು ಬಳ್ಳಿಯ ಬುಡಕ್ಕೆ ಹೊರಟಳು. ಅತ್ತೆ ಬಾವಿಯ ನೀರಿನ ಕೊಡ ಹೊತ್ತು ತೊಟ್ಟಿ ತುಂಬಿಸಲು ನಡೆದರು. ಬಾಟಲಿಯ ಋಣ ಇವತ್ತಿಗೂ ಹಾಗೇ ಇದೆ. ತಮ್ಮ ಬಂದಾಗಲೆಲ್ಲ ಕೇಳುತ್ತಾನೆ, ಅವಳು ಕೊಡುವುದಿಲ್ಲ.