ಅಕ್ಕನ ಒಂಬತ್ತು ನಿಮಿಷ

ಕಳೆದ ಹೊತ್ತನ್ನು ಅಳೆಯುವ ಆ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಕೋಡನ್ನು, ಬರೆದವಳು ನಾನೇ. ಶುರುವಿಗೊಮ್ಮೆ, ಕೊನೆಗೊಮ್ಮೆ ಕಂಪ್ಯೂಟರಿನ ಗಡಿಯಾರ ನೋಡಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯುವುದು. ಅಷ್ಟೇ. ಆಫೀಸಿನ ಹಿರಿಯರೊಬ್ಬರು, ನಾವು ಗೊಣಗಪ್ಪ ಎನ್ನುತ್ತಿದ್ದವರು, ಅಂದೇ ಹೇಳಿದ್ದರು:

“ಗಡಿಯಾರ ನಂಬಬೇಡಮ್ಮ, ಅದನ್ನ ಯಾರು ಬೇಕಾದ್ರೂ ತಿರುಗಿಸ್ತಾರೆ. ಕಂಪ್ಯೂಟರ್ ಆನ್ ಆದಾಗಿಂದ ಒಳಗೆ ಇನ್ನೊಂದು ಎಣಿಕೆ ಓಡ್ತಿರುತ್ತೆ, ಅದು ಯಾರಿಗೂ ಜಗ್ಗಲ್ಲ. ಅದನ್ನ ತಗೋ.”

ಅವರು ಗೊಣಗದ ದಿನವಾದರೂ ಯಾವುದು? ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ನನ್ನ ಅಕ್ಕ ಪಾರ್ಸೆಲ್ ಕಟ್ಟುವ ಗೋದಾಮಿನಲ್ಲಿದ್ದಳು. ಮೇಜು ಬಿಟ್ಟು ಏಳುವಾಗ ಕಾರ್ಡ್ ತೋರಿಸಬೇಕು, ಬಂದು ಮತ್ತೆ ತೋರಿಸಬೇಕು. ನಡುವಿನ ಹೊತ್ತನ್ನು ಅಳೆಯುತ್ತಿದ್ದುದು ನನ್ನದೇ ಲೈಬ್ರರಿ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹತ್ತು ನಿಮಿಷ ಮೀರಿದರೆ ಒಂದು ಕೆಂಪು ಗುರುತು. ಹನ್ನೆರಡು ಗುರುತಾದರೆ ಕೆಲಸವಿಲ್ಲ.

ಮಂಡಿನೋವಿಗೆ ಹನ್ನೊಂದರ ಮಾತ್ರೆ ನುಂಗಲು ಅಕ್ಕ ದಿನಾ ಎರಡು ನಿಮಿಷ ಮುಂಚೆ ಏಳುತ್ತಿದ್ದಳು. ಕೆಂಪು ಗುರುತು ಬೀಳತೊಡಗಿತು.

“ಐದೇ ನಿಮಿಷ ಕಣೇ, ನಿನ್ನಾಣೆ.”

“ಮಷಿನ್‌ಗೆ ನಿನ್ನ ಮೇಲೇನು ಹಗೆನಾ? ಹರಟೆ ಹೊಡೀತಾ ಕೂತಿರ್ತೀಯ, ಒಪ್ಕೋ ಅಕ್ಕ,” ಎಂದು ಭಾವನ ಎದುರೇ ನಕ್ಕೆ.

ಹನ್ನೆರಡನೆಯ ಗುರುತಿಗೆ ಅವಳನ್ನು ಕಳಿಸಿಬಿಟ್ಟರು.

ಮರು ತಿಂಗಳು ಅಲ್ಲಿಂದಲೇ ದೂರು ಬಂತು: ಹನ್ನೊಂದರ ಹೊತ್ತಿಗೆ ಎದ್ದವರಿಗೆಲ್ಲ ಸಮಯ ಹೆಚ್ಚು ತೋರಿಸುತ್ತಿದೆ. ಹೋಗಿ ನೋಡಿದೆ. ಅಲ್ಲಿನ ಹಳೆಯ ಕಂಪ್ಯೂಟರಿನ ಗಡಿಯಾರ ದಿನಕ್ಕೆ ಒಂಬತ್ತು ನಿಮಿಷ ಹಿಂದೆ ಬೀಳುತ್ತಿತ್ತು. ದಿನಾ ಸರಿಯಾಗಿ ಹನ್ನೊಂದಕ್ಕೆ ಮುಖ್ಯ ಕಚೇರಿಯ ಕಂಪ್ಯೂಟರ್ ಸರಿಯಾದ ಸಮಯ ಕಳಿಸಿದಾಗ ಅದು ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು. ಆಗ ಹೊರಗಿದ್ದವರ ತಲೆಗೆ ಆ ಒಂಬತ್ತು ನಿಮಿಷ. ಗೊಣಗಪ್ಪ ಹೇಳಿದ ಎಣಿಕೆಗೆ ಬದಲಿಸಲು ನನಗೆ ಹಿಡಿದದ್ದು ಕಾಲು ಗಂಟೆ.

“ತಪ್ಪು ನಂದು. ಅಕ್ಕನ್ನ ವಾಪಸ್ ತಗೊಳ್ಳಿ ಸಾರ್,” ಎಂದು ಮೇಲ್ವಿಚಾರಕರನ್ನು ಬೇಡಿದೆ.

“ಆ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲಮ್ಮ. ಇನ್ಮೇಲೆ ಸರಿ ತೋರ್ಸುತ್ತೆ ತಾನೇ? ಸಾಕು ಬಿಡಿ.”

ಕೆಟ್ಟ ಮೇಲೆ ಬುದ್ಧಿ ಬಂತು. ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು. ಚೆನ್ನಾಗಿ ಬೈಯಲಿ ಎಂದು ಕಾದೆ.

“ನೀನೇ ಹಾಗಂದ ಮೇಲೆ ನಂಗೇ ನನ್ನ ಮೇಲೆ ಅನುಮಾನ ಬಂತು ಕಣೇ,” ಎಂದಳು. “ಕೊನೇ ವಾರ ಪೂರ್ತಿ ಓಡ್ಕೊಂಡು ಹೋಗಿ ಓಡ್ಕೊಂಡು ಬಂದೆ.”

ಆಮೇಲೆ ಗೋಡೆ ಹಿಡಿದು ಎದ್ದು, ಮಂಡಿ ಬಗ್ಗಿಸಲಾರದೆ ಕಾಲೆಳೆಯುತ್ತಾ ಬಟ್ಟೆ ಒಳಗಿಡಲು ಹೋದಳು.